ರೆಕ್ಕೆಯ ಆನೆಗಳು

ಜುಲೈ ಬಂತೆಂದರೆ ಪುಣೆಯಲ್ಲಿ ನದಿಯ ಹತ್ತಿರ ಮನೆ ಇರುವವರು ಸಂಜೆ ಹೊತ್ತು ಗಂಟಲು ಏರಿಸಿಯೇ ಮಾತಾಡಬೇಕು. ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಶಾ ಪಥಕಗಳ, ಅಂದರೆ ವಾದ್ಯತಂಡಗಳ, ತಾಲೀಮು ಶುರುವಾಗಿರುತ್ತದೆ. ಕಾಲೇಜು ಮುಗಿಸಿದ ಹುಡುಗಿಯರು, ಆಫೀಸು ಮುಗಿಸಿದ ಹುಡುಗರು ಮಳೆಯಲ್ಲಿ ತೊಯ್ದುಕೊಂಡೇ ಬಂದು ಸೊಂಟಕ್ಕೆ ಢೋಲು ಕಟ್ಟಿ ನಿಲ್ಲುತ್ತಾರೆ. ಗಣಪತಿ ಬರುವ ತನಕ ದಿನಾ ಇದೇ. ಬೇಸರ ಪಡುವ ಜನರೂ ಇದ್ದಾರೆ, ನಾನಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಯೂ ಅಲ್ಲ. ಅವರು ಗದಗಿನ ಕಡೆಯವರು, ಮದುವೆಯಾಗಿ ಪುಣೆಗೆ ಬಂದು ಐವತ್ತು ವರ್ಷ ದಾಟಿದೆ. ಮರಾಠಿಯಲ್ಲಿ ತರಕಾರಿ ಕೊಳ್ಳುತ್ತಾರೆ, ಕನ್ನಡದಲ್ಲಿ ದೇವರ ಜೊತೆ ಮಾತಾಡುತ್ತಾರೆ. ನನ್ನ ಜೊತೆಗೂ ಕನ್ನಡವೇ. ನಮ್ಮಿಬ್ಬರ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ, ಅದರ ಮೇಲೊಂದು ತೊಂಡೆಯ ಬಳ್ಳಿ.

ಹೋದ ಭಾನುವಾರ ಜೂನಾ ಬಾಜಾರಿಗೆ ಹೋಗಿದ್ದೆ. ಪುಣೆಯವರಿಗೆ ಗೊತ್ತು, ಬುಧವಾರ ಮತ್ತು ಭಾನುವಾರ ನೆಲದ ಮೇಲೆ ಬಟ್ಟೆ ಹಾಸಿ ಹಳೇ ಬೀಗ, ಹಿತ್ತಾಳೆ ದೀಪ, ನಿಂತ ಗಡಿಯಾರ, ಏನು ಬೇಕಾದರೂ ಮಾರುವ ಸಂತೆ ಅದು. ಒಂದು ರಾಶಿ ಮರಾಠಿ ನಾಟ್ಯಗೀತೆಯ ಗ್ರಾಮಫೋನ್ ತಟ್ಟೆಗಳ ಕೆಳಗೆ ಒಂದು ದೊಡ್ಡ ಎಲ್‌ಪಿ ಸಿಕ್ಕಿತು. ಮನೆಗೆ ಬರುವಾಗ ಮಳೆ ಹಿಡಿದು ಅದರ ರಟ್ಟು ಒದ್ದೆಯಾಯಿತು. ಒರೆಸಿ, ಆರಲಿ ಎಂದು ಸೂರಿನ ಕೆಳಗೆ ಗೋಡೆಯ ಮೇಲಿಟ್ಟಿದ್ದೆ. ಅಜ್ಜಿ ಬಳ್ಳಿ ಸರಿಸಿ ನೋಡಿದರು.

‘ಏನ್ರೀ ಇದು, ಆನೀಗೆ ರೆಕ್ಕಿ ಬಂದಾವಲ್ಲ!’

ಬಂದಿದ್ದವು. ಹುಳುವಿನ ರೆಕ್ಕೆಯಂಥ ರೆಕ್ಕೆ ಹೊತ್ತು ಹಾರುವ ಆನೆಗಳು. ರೋಜರ್ ಡೀನ್ ಎಂಬ ಇಂಗ್ಲಿಷ್ ಚಿತ್ರಕಾರ ಬರೆದ ಚಿತ್ರ. ಘಾನಾದವರು ಲಂಡನ್ನಿನಲ್ಲಿ ಕಟ್ಟಿದ ‘ಒಸಿಬಿಸಾ’ ಎಂಬ ತಂಡ 1971ರಲ್ಲಿ ತಂದ ಮೊದಲ ಆಲ್ಬಂ, ಆಲ್ಬಮ್ಮಿನ ಹೆಸರೂ ಅದೇ. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅಜ್ಜಿ ಶುರು ಮಾಡಿದರು. ‘ಹಿಂದಕ ಆನೀಗೆ ಖರೇನ ರೆಕ್ಕಿ ಇದ್ದೂವಂತ. ಒಂದಿನ ಹಾರಿಕೋತ ಬಂದು ಒಂದು ಆಲದ ಗಿಡದ ಮ್ಯಾಲ ಕೂತೂವಂತ. ಟೊಂಗಿ ಮುರದು ಬಿತ್ತು. ಗಿಡದ ಬುಡಕ ಋಷಿ ಆಶ್ರಮ. ಋಷಿ ಶಾಪ ಕೊಟ್ಟ, ರೆಕ್ಕಿ ಹೋದೂವು.’ ಅವರ ಅಜ್ಜ ಹೇಳಿದ ಕಥೆಯಂತೆ. ಆನೆಗಳ ಬಗ್ಗೆ ಇರುವ ‘ಮಾತಂಗಲೀಲೆ’ ಎಂಬ ಹಳೆಯ ಸಂಸ್ಕೃತ ಗ್ರಂಥದಲ್ಲೂ ಈ ಕಥೆ ಇದೆ, ಶಾಪ ಕೊಟ್ಟ ಋಷಿಯ ಹೆಸರು ದೀರ್ಘತಪಸ್ಸು. ಲಂಡನ್ನಿನಲ್ಲಿ ಕೂತು ಚಿತ್ರ ಬರೆದವನು ಅದನ್ನು ಓದಿರಲಿಕ್ಕಿಲ್ಲ. ಆದರೆ ಗದಗಿನ ಅಜ್ಜಿಗೆ ಘಾನಾದವರ ತಟ್ಟೆಯ ರಟ್ಟು ಅಪರಿಚಿತ ಅನ್ನಿಸಲಿಲ್ಲ ನೋಡಿ, ನನಗೆ ಅಷ್ಟರಿಂದಲೇ ಖುಷಿಯಾಯಿತು.

‘ಯಾರ್ ಬಾರಿಸ್ಯಾರ ಇದರಾಗ?’ ಅಂದರು. ಹಾಗೆ ಶುರುವಾಯಿತು ಮಾತು.

ಟೆಡ್ಡಿ ಒಸೇ ಅಂತ ಒಬ್ಬರು. ಘಾನಾ ದೇಶದ ಕುಮಾಸಿ ಊರಿನವರು, 1937ರಲ್ಲಿ ಹುಟ್ಟಿದವರು. ಕುಮಾಸಿ ಅಂದರೆ ಅಶಾಂತಿ ಅರಸರ ರಾಜಧಾನಿ, ನಮ್ಮ ಮೈಸೂರಿನ ಹಾಗೆ ಅರಮನೆ, ದರ್ಬಾರು, ಡೋಲುಗಳ ಊರು. ಒಸೇ ಸ್ಯಾಕ್ಸೊಫೋನು, ಕೊಳಲು ಎರಡೂ ನುಡಿಸುತ್ತಿದ್ದರು. 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು, ಆಗ ಅವರಿಗೆ ಹತ್ತೊಂಬತ್ತು. ಆ ಕಾಲಕ್ಕೆ ಘಾನಾದ ಊರೂರಲ್ಲಿ ಕುಣಿಸುತ್ತಿದ್ದ ಸಂಗೀತ ಹೈಲೈಫ್.

ಹೈಲೈಫ್ ಹೇಗೆ ಹುಟ್ಟಿತು ಅನ್ನುವುದನ್ನು ಪುಣೆಯಲ್ಲಿ ಕೂತು ಹೇಳುವುದು ಸುಲಭ, ಯಾಕೆಂದರೆ ಇಲ್ಲಿ ಖಡಕಿ ಇದೆ, ಕ್ಯಾಂಪ್ ಇದೆ, ಎರಡೂ ದಂಡಿನ ಜಾಗ. ದಂಡು ಎಲ್ಲಿ ಬೀಡು ಬಿಟ್ಟಿತೋ ಅಲ್ಲಿ ಹಿತ್ತಾಳೆ ಕಹಳೆಯ ಬ್ಯಾಂಡು ಬಂತು. ಬ್ಯಾಂಡು ಊರಿನವರ ಕೈಗೆ ಬಂದ ಮೇಲೆ ಮದುವೆ ಮೆರವಣಿಗೆಗೆ ಇಳಿಯಿತು. ಘಾನಾದ ಕರಾವಳಿಯಲ್ಲೂ ಹಾಗೇ ಆಯಿತು. ಬ್ರಿಟಿಷರು ಕೇಪ್ ಕೋಸ್ಟ್ ಕೋಟೆಗೆ ವೆಸ್ಟ್ ಇಂಡೀಸಿನ ಸಿಪಾಯಿಗಳನ್ನು ತಂದರು, ಅವರ ಜೊತೆ ಅವರ ಹಾಡೂ ಬಂತು. ಬಂದರಿನ ನಾವಿಕರು ಗಿಟಾರು ತಂದರು. ಊರಿನವರ ಡೋಲು ಅಲ್ಲೇ ಇತ್ತು. ಮೂರೂ ಸೇರಿ ಹೈಲೈಫ್. ಇ.ಟಿ. ಮೆನ್ಸಾ ಅನ್ನುವವರು ತಮ್ಮ ಟೆಂಪೋಸ್ ತಂಡದ ಜೊತೆ ಅದನ್ನು ಪಶ್ಚಿಮ ಆಫ್ರಿಕಾ ತುಂಬಾ ಮೆರೆಸಿದರು. 1956ರಲ್ಲಿ ಜಾಝ್‌ನ ದೊಡ್ಡಣ್ಣ ಲೂಯಿ ಆರ್ಮ್‌ಸ್ಟ್ರಾಂಗ್ ಅಕ್ರಾ ನಗರಕ್ಕೆ ಬಂದಾಗ ಬಯಲು ತುಂಬಿ ಜನ ನೆರೆದಿದ್ದರು. ಅಮೆರಿಕಕ್ಕೆ ಗುಲಾಮರಾಗಿ ಹೋದವರ ಸಂಗೀತ ಕಹಳೆ ಹಿಡಿದು ಮನೆಗೆ ಬಂದ ದಿನ ಅದು. ಅದನ್ನು ಓದಿದಾಗೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಒಸೇ 1962ರಲ್ಲಿ ಲಂಡನ್ನಿಗೆ ಹೋದರು, ಆಮೇಲೆ ಘಾನಾ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಸಂಗೀತ ಕಲಿತರು. ಅಲ್ಲೇ ನಿಂತರು. 1969ರಲ್ಲಿ ತಮ್ಮ ಮ್ಯಾಕ್ ಟೊಂಟೊ ಮತ್ತು ಗೆಳೆಯ ಸೋಲ್ ಅಮಾರ್ಫಿಯೋ ಜೊತೆ ಸೇರಿ ಒಸಿಬಿಸಾ ಕಟ್ಟಿದರು. ತಮ್ಮನದು ಟ್ರಂಪೆಟ್ಟು, ಗೆಳೆಯನದು ಡ್ರಮ್ಸು. ಮೂವರೂ ಘಾನಾದವರು. ಉಳಿದವರನ್ನು ನೋಡಿ: ಲಸೀಸಿ ಅಮಾವೊ ನೈಜೀರಿಯಾದವರು, ಗಿಟಾರಿನ ವೆಂಡೆಲ್ ರಿಚರ್ಡ್‌ಸನ್ ಆಂಟಿಗುವಾ ದ್ವೀಪದವರು, ಕೀಬೋರ್ಡಿನ ರಾಬರ್ಟ್ ಬೇಯ್ಲಿ ಟ್ರಿನಿಡಾಡಿನವರು, ಬೇಸ್ ಗಿಟಾರಿನ ಸ್ಪಾರ್ಟಕಸ್ ಆರ್ ಗ್ರೆನಡಾದವರು. ಅಂದರೆ ಅರ್ಧ ಪಶ್ಚಿಮ ಆಫ್ರಿಕಾ, ಅರ್ಧ ವೆಸ್ಟ್ ಇಂಡೀಸ್. ಕೇಪ್ ಕೋಸ್ಟ್ ಕೋಟೆಯಲ್ಲಿ ನೂರು ವರ್ಷದ ಹಿಂದೆ ಆದ ಭೇಟಿಯೇ ಲಂಡನ್ನಿನ ಒಂದು ತಾಲೀಮು ಕೋಣೆಯಲ್ಲಿ ಮತ್ತೆ ಆಯಿತು ಅನ್ನಿ. ಹೆಸರು ತೆಗೆದುಕೊಂಡದ್ದು ‘ಒಸಿಬಿಸಾಬಾ’ ಎಂಬ ಹಳೆಯ ಹೈಲೈಫ್ ಕುಣಿತದಿಂದ.

‘ಮನಿ ಬಿಟ್ಟು ಬಂದವರು ಪರದೇಶದಾಗ ಕೂಡಿ ಭಜನಿ ಮಂಡಳಿ ಮಾಡಿದ್ಹಂಗ’ ಅಂದರು ಅಜ್ಜಿ. ಪುಣೆಯಲ್ಲಿ ಐವತ್ತು ವರ್ಷ ಕನ್ನಡ ಭಜನೆಗೆ ಹೋದವರು ಹೇಳುವ ಮಾತು, ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಆ ಮೊದಲ ಆಲ್ಬಂ ರೂಪಿಸಿದವರು ಟೋನಿ ವಿಸ್ಕಾಂಟಿ, ಡೇವಿಡ್ ಬೋವಿಯ ಧ್ವನಿಮುದ್ರಣಗಳಿಂದ ಹೆಸರಾದವರು. ತಟ್ಟೆಗೆ ಸೂಜಿ ಇಟ್ಟರೆ ಮೊದಲು ಕೇಳುವುದು ಸಂಗೀತ ಅಲ್ಲ. ಹುಳುಗಳ ಸದ್ದು, ಹಕ್ಕಿ ಸದ್ದು, ಬೆಳಕು ಹರಿಯುವ ಹೊತ್ತಿನ ಕಾಡು. ಆ ಸದ್ದಿನ ಮೇಲೆ ಒಸೇ ಮಾತಾಡುತ್ತಾರೆ, ಮನೆಗೆ ಬಂದವರನ್ನು ಕೂರಿಸಿ ಮಾತಾಡಿಸಿದ ಹಾಗೆ. ಆಮೇಲೆ ಕೊಳಲು. ಆಮೇಲೆ ಡೋಲು. ರಾಕ್ ಸಂಗೀತದ ಲಂಡನ್ನಿನಲ್ಲಿ ಇಂಥದೊಂದು ತಟ್ಟೆ ಬಂದಾಗ ಜನ ಕಿವಿಗೊಟ್ಟರು. ಅದೇ ವರ್ಷ ಎರಡನೇ ಆಲ್ಬಂ ‘ವೊಯಾಯಾ’ ಬಂತು, ಅದರ ಮೇಲೂ ಆನೆ. ಆ ಹೆಸರಿನ ಹಾಡು ಅಮಾರ್ಫಿಯೋ ಅವರದು, 1973ರಲ್ಲಿ ಅಮೆರಿಕದ ಆರ್ಟ್ ಗಾರ್ಫಂಕಲ್ ಅದನ್ನು ಹಾಡಿದರು. 1976ರ ಹೊತ್ತಿಗೆ ‘ಸನ್‌ಶೈನ್ ಡೇ’ ಬ್ರಿಟನ್ನಿನ ಪಟ್ಟಿಯಲ್ಲಿ 17ನೇ ಸ್ಥಾನಕ್ಕೆ ಏರಿತು.

ಮೊದಲ ಆಲ್ಬಮ್ಮಿನಲ್ಲಿ ‘ಮ್ಯೂಸಿಕ್ ಫಾರ್ ಗಾಂಗ್ ಗಾಂಗ್’ ಅಂತ ಒಂದು ತುಣುಕಿದೆ. ಗಾಂಗ್ ಗಾಂಗ್ ಅಂದರೇನು ಅಂತ ನನಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ. ಎಂಬತ್ತರ ದಶಕದಲ್ಲಿ ನಾನು ಪುಣೆಗೆ ಓದಲು ಬಂದಾಗ ಹಾಸ್ಟೆಲ್ಲಿನಲ್ಲಿ ಪಕ್ಕದ ಕೋಣೆಯವನು ಘಾನಾದ ಹುಡುಗ. ಆಫ್ರಿಕಾದ ವಿದ್ಯಾರ್ಥಿಗಳಿಗೆ ಪುಣೆ ಎಷ್ಟೋ ಕಾಲದಿಂದ ಓದುವ ಊರು, ಇಂದಿಗೂ. ಅವನ ಹತ್ತಿರ ಒಸಿಬಿಸಾದ ಕ್ಯಾಸೆಟ್ಟಿತ್ತು. ‘ನಮ್ಮ ಹಳ್ಳಿಯಲ್ಲಿ ಮುಖ್ಯಸ್ಥ ಏನಾದರೂ ಸಾರಬೇಕಾದರೆ ಒಬ್ಬ ಕಬ್ಬಿಣದ ಗಂಟೆ ಬಡಿಯುತ್ತ ಓಣಿ ಓಣಿ ತಿರುಗುತ್ತಾನೆ, ಅದೇ ಗಾಂಗ್ ಗಾಂಗ್’ ಅಂದ. ಡಂಗುರ! ನಮ್ಮಲ್ಲೂ ಊರಿಗೆ ಸುದ್ದಿ ಮುಟ್ಟಿಸುವುದನ್ನು ಡಂಗುರ ಸಾರುವುದು ಅಂತಲೇ ಅನ್ನುತ್ತೇವೆ. ಬಾಯಿಗಿಂತ ಮೊದಲು ಚರ್ಮವೋ ಕಬ್ಬಿಣವೋ ಮಾತಾಡಬೇಕು, ಆಮೇಲೆ ಮನುಷ್ಯ. ನಾನು ಅವನಿಗೆ ಡಂಗುರದ ವಿಷಯ ಹೇಳಿದೆ. ಅವನು ಊಟದ ಸ್ಟೀಲ್ ತಟ್ಟೆ ತಿರುವಿ ಚಮಚದಿಂದ ಒಂದು ಬಡಿತ ಕಲಿಸಿದ. ಆ ಬಡಿತ ಇಂದಿಗೂ ನನ್ನ ಬೆರಳಲ್ಲಿದೆ.

ಅಜ್ಜಿಗೂ ಅದನ್ನು ತೋರಿಸಿದೆ. ಗೋಡೆಯ ಮೇಲೆ ಅವರದೇ ಸ್ಟೀಲ್ ಡಬ್ಬಿ ಇತ್ತು, ಚಕ್ಕುಲಿ ಕೊಟ್ಟು ಕಳಿಸಿದ್ದು. ಹನ್ನೆರಡು ಎಣಿಸಬೇಕು. 1, 3, 5, 6, 8, 10, 12 ಇವಿಷ್ಟಕ್ಕೆ ಮಾತ್ರ ಪೆಟ್ಟು. ಉಳಿದದ್ದು ಮೌನ. ಒಟ್ಟು ಏಳು ಪೆಟ್ಟು. ಪಶ್ಚಿಮ ಆಫ್ರಿಕಾದ ಎಷ್ಟೋ ಜನಾಂಗಗಳ ಡೋಲಿನ ಕೂಟದಲ್ಲಿ ಒಂದು ಕಬ್ಬಿಣದ ಗಂಟೆ ಇದನ್ನು ಬಿಡದೆ ಬಡಿಯುತ್ತಿರುತ್ತದೆ, ಎಲ್ಲರೂ ಅದನ್ನು ಆತುಕೊಂಡು ನಿಲ್ಲುತ್ತಾರೆ. ಇದರ ಮಜಾ ಇರುವುದು ಹನ್ನೆರಡರಲ್ಲಿ. ನಾಲ್ಕು ಸಲ ‘ತಕಿಟ’ ಅಂದರೂ ಹನ್ನೆರಡು, ಮೂರು ಸಲ ‘ತಕದಿಮಿ’ ಅಂದರೂ ಹನ್ನೆರಡು. ಒಬ್ಬ ತಿಶ್ರದಲ್ಲಿ ನಡೆಯುತ್ತಾನೆ, ಇನ್ನೊಬ್ಬ ಚತುರಶ್ರದಲ್ಲಿ, ಇಬ್ಬರೂ ಒಂದೇ ಹೊತ್ತಿಗೆ ಮನೆ ಮುಟ್ಟುತ್ತಾರೆ. ಕುಣಿಯುವವಳ ಕಾಲು ಒಂದನ್ನು ಹಿಡಿದರೆ ಭುಜ ಇನ್ನೊಂದನ್ನು. ಒಸಿಬಿಸಾದವರು ತಮ್ಮದು ಅಡ್ಡಡ್ಡ ಹಾಯುವ ಲಯ ಅಂತ ಹೇಳಿಕೊಳ್ಳುತ್ತಿದ್ದದ್ದು ಇದನ್ನೇ.

ಇನ್ನೊಂದು ಹೇಳಿಬಿಡುತ್ತೇನೆ, ಸಂಗೀತ ಕಲಿತವರಿಗೆ ಇದು ಸಕ್ಕರೆ. ಆ ಏಳು ಪೆಟ್ಟುಗಳ ನಡುವಿನ ದೂರ ಎಣಿಸಿ: 2, 2, 1, 2, 2, 2, 1. ಈಗ ಶಂಕರಾಭರಣದ ಏಳು ಸ್ವರ ಹಾಕಿಕೊಂಡು ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋಗುವಾಗ ಸ್ವರಸ್ಥಾನಗಳ ನಡುವಿನ ದೂರ ಎಣಿಸಿ: 2, 2, 1, 2, 2, 2, 1. ಅಲ್ಲಿ ಕಾಲವನ್ನು ಹನ್ನೆರಡಾಗಿ ಹಂಚಿ ಏಳನ್ನು ಆರಿಸಿಕೊಂಡರು, ಇಲ್ಲಿ ನಾದವನ್ನು ಹನ್ನೆರಡಾಗಿ ಹಂಚಿ ಏಳನ್ನು. ಒಬ್ಬರಿಂದ ಒಬ್ಬರು ಕಲಿತದ್ದಲ್ಲ ಇದು. ಕಿವಿಗೆ ಯಾವುದು ಇಷ್ಟ ಅನ್ನುವುದು ಎರಡು ಕಡೆಯೂ ಒಂದೇ ಬಗೆಯಲ್ಲಿ ಹೊಳೆದಿದೆ.

ಅಷ್ಟರಲ್ಲಿ ನದಿಯ ಕಡೆಯಿಂದ ತಾಶಾದ ಸದ್ದು ಏರಿತು. ‘ಅದರಾಗೂ ಒಂದು ಗಂಟಿ ಐತಿ ಅಲ್ಲೇನ್ರೀ?’ ಅಂದರು ಅಜ್ಜಿ. ಇದೆ. ಅದಕ್ಕೆ ಟೋಲ್ ಅನ್ನುತ್ತಾರೆ. ಢೋಲು ಎಷ್ಟಿದ್ದರೂ, ತಾಶಾದವನು ಎಷ್ಟು ಜಿಗಿದಾಡಿದರೂ, ಟೋಲು ಬಡಿಯುವವಳು ಕದಲುವ ಹಾಗಿಲ್ಲ.

ಡೋಲು ಮಾತಾಡುತ್ತದೆ ಅಂತ ನಾವು ಸುಮ್ಮನೆ ಅಂದುಬಿಡುತ್ತೇವೆ. ಕುಮಾಸಿಯಲ್ಲಿ ಅದು ನಿಜದ ಮಾತು. ಅಲ್ಲಿನ ಟ್ವಿ ಭಾಷೆಯಲ್ಲಿ ದನಿ ಏರಿಸಿದರೆ ಒಂದು ಅರ್ಥ, ಇಳಿಸಿದರೆ ಇನ್ನೊಂದು. ಅಟುಂಪಾನ್ ಅಂತ ಜೋಡಿ ಡೋಲು, ಒಂದು ಗಂಡು, ಒಂದು ಹೆಣ್ಣು. ಗಂಡಿನದು ಕೆಳದನಿ, ಹೆಣ್ಣಿನದು ಮೇಲ್ದನಿ. ಈ ಎರಡು ದನಿಯಲ್ಲೇ ಅರಸನ ವಂಶಾವಳಿ ಹೇಳುತ್ತಾರೆ, ಗಾದೆ ಹೇಳುತ್ತಾರೆ. ನೈಜೀರಿಯಾದ ಯೊರುಬಾ ಭಾಷೆಗೆ ಮೂರು ದನಿ. ಅವರ ಡುಂಡುನ್ ನಮ್ಮ ಬುಡಬುಡಿಕೆಯ ಹಾಗೆ ನಡು ಸಣ್ಣಗಿರುವ ವಾದ್ಯ, ಆದರೆ ದೊಡ್ಡದು. ಹಗ್ಗಗಳನ್ನು ಕಂಕುಳಲ್ಲಿ ಅಮುಕಿ ಹಿಡಿದು, ಬಿಗಿ ಸಡಿಲ ಮಾಡುತ್ತ, ಬಾಗಿದ ಕೋಲಿನಿಂದ ಬಡಿದರೆ ದನಿ ಜಾರಿ ಜಾರಿ ಮಾತಿನ ಹಾಗೇ ಬರುತ್ತದೆ.

ಅಜ್ಜಿಗೆ ಇದು ಹೇಳಿದ ಕೂಡಲೇ ತಿಳಿಯಿತು. ‘ಚೌಡಿಕಿ!’ ಅಂದರು. ಸವದತ್ತಿ ಎಲ್ಲಮ್ಮನ ಜೋಗತಿಯರು ಕಂಕುಳಲ್ಲಿ ಹಿಡಿಯುವ ಚೌಡಿಕೆಗೆ ಒಂದೇ ತಂತಿ. ಅದನ್ನು ಮೀಟುತ್ತ ಬಿಗಿ ಮಾಡಿ ಸಡಿಲ ಬಿಟ್ಟರೆ ಅಳುವ ದನಿ, ನಗುವ ದನಿ, ಕೇಳುವ ದನಿ. ಹುಣ್ಣಿಮೆಗೆ ಅಜ್ಜಿಯ ಮನೆ ಬಾಗಿಲಿಗೆ ಬರುತ್ತಿದ್ದ ಜೋಗತಿಯ ಚೌಡಿಕೆ ‘ಅವ್ವಾ’ ಅಂತಿತ್ತಂತೆ. ನಂಬುತ್ತೇನೆ.

ನಮ್ಮ ಶಾಸ್ತ್ರೀಯ ಸಂಗೀತ ಇದನ್ನೇ ತಿರುಗಿಸಿ ಮಾಡಿತು. ಅಲ್ಲಿ ಡೋಲು ಬಾಯಿಯ ಮಾತನ್ನು ಕಲಿತರೆ, ಇಲ್ಲಿ ಬಾಯಿ ಮೃದಂಗದ ಮಾತನ್ನು ಕಲಿಯಿತು. ಕೊನ್ನಕೋಲು ಅಂದರೆ ಅದೇ. ಈ ಬಾಯಿಯ ಮಾತು ಜಾಝ್ ಜೊತೆ ಕೂಡಿದ ಕಥೆ ನಮ್ಮ ಬೆಂಗಳೂರಿನದು, ಕನ್ನಡಿಗರಿಗೇ ಸರಿಯಾಗಿ ತಿಳಿಯದ್ದು. ಟಿ.ಎ.ಎಸ್. ಮಣಿ ಮೃದಂಗದವರು, 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದರು. ಅವರ ಹೆಂಡತಿ ಆರ್.ಎ. ರಮಾಮಣಿ ಗಾಯಕಿ. ಅವರ ಜೊತೆ ಬಂದು ಸೇರಿದವರು ಬಾಸ್ಟನ್ನಿನ ಚಾರ್ಲಿ ಮಾರಿಯಾನೊ, 1923ರಲ್ಲಿ ಹುಟ್ಟಿದ ಜಾಝ್ ಸ್ಯಾಕ್ಸೊಫೋನ್ ವಾದಕರು. ನಾಗಸ್ವರಕ್ಕೆ ಮನಸೋತು, ನಡುವಯಸ್ಸಿನಲ್ಲಿ ದಕ್ಷಿಣ ಭಾರತಕ್ಕೆ ಬಂದು, ವಿದ್ಯಾರ್ಥಿಯಾಗಿ ಕೂತು ಅದನ್ನು ಕಲಿತವರು. 1983ರಲ್ಲಿ ಅವರೆಲ್ಲ ಸೇರಿ ‘ಜ್ಯೋತಿ’ ಎಂಬ ತಟ್ಟೆ ಮಾಡಿದರು. ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು. ಅದರಲ್ಲಿ ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ. ರಮಾಮಣಿಯವರ ದನಿ, ಮೃದಂಗ, ಘಟ, ಮೋರ್ಸಿಂಗ್, ಖಂಜಿರ, ಮತ್ತು ಮಾರಿಯಾನೊ ಅವರ ಸ್ಯಾಕ್ಸು, ಕೊಳಲು. ಹೊರಗಿನಿಂದ ಬಂದವರು ನಮ್ಮ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ತಟ್ಟೆ ಅದು. ಜಾಝ್ ಪಿಯಾನೊ ವಾದಕ ಲೂಯಿ ಬ್ಯಾಂಕ್ಸ್ ಅವರ ‘ಸಂಗಮ್’ ತಂಡದಲ್ಲಿ ಹಾಡಿದವರೂ ಈ ರಮಾಮಣಿಯವರೇ. ಪಿಯಾನೊ, ಡ್ರಮ್ಸುಗಳ ಜೊತೆ ಅವರ ಸ್ವರಪ್ರಸ್ತಾರ ಹರಿದ ರೀತಿ ಕೇಳಿದವರಿಗೇ ಗೊತ್ತು.

ಈಗ ಗಂಟು ಎಲ್ಲಿ ಬೀಳುತ್ತದೆ ನೋಡಿ. ಜರ್ಮನಿಯ ಮ್ಯೂನಿಕ್‌ನಲ್ಲಿ ‘ಎಂಬ್ರಿಯೊ’ ಅಂತ ಒಂದು ತಂಡ, ಅದೂ 1969ರಲ್ಲೇ ಶುರುವಾದದ್ದು, ಕ್ರಿಶ್ಚಿಯನ್ ಬುರ್ಕಾರ್ಡ್ ಅದರ ಜೀವ. ಎಪ್ಪತ್ತರ ದಶಕದ ಕೊನೆಗೆ ಅವರು ಬಸ್ಸು ಏರಿ, ನೆಲದ ದಾರಿಯಲ್ಲೇ ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂದರು. ದಾರಿಯುದ್ದಕ್ಕೂ ಸಿಕ್ಕವರ ಜೊತೆ ನುಡಿಸುತ್ತ ಬಂದರು. ಮಾರಿಯಾನೊ ಆ ತಂಡಕ್ಕೆ ಗೆಳೆಯ, ನಮ್ಮ ಮಣಿ-ರಮಾಮಣಿ ಜೊತೆಗಾರರು. ಅದೇ ಎಂಬ್ರಿಯೊ ಆಮೇಲೆ ನೈಜೀರಿಯಾದ ಮುರೈನಾ ಒಯೆಲಾಮಿ ಅವರ ಡುಂಡುನ್ ತಂಡದ ಜೊತೆ ಸೇರಿತು. 1985ರಲ್ಲಿ ಆ ಎರಡು ತಂಡಗಳ ಹೆಸರಲ್ಲೂ ತಟ್ಟೆ ಬಂತು. ಒಯೆಲಾಮಿ ಚಿತ್ರಕಾರರೂ ಹೌದು, ಡೋಲಿನವರೂ ಹೌದು. ಒಂದೇ ಜರ್ಮನ್ ತಂಡದ ಒಂದು ಕೈಯಲ್ಲಿ ಬೆಂಗಳೂರಿನ ತಕದಿಮಿ, ಇನ್ನೊಂದು ಕೈಯಲ್ಲಿ ಯೊರುಬಾ ಮಾತಿನ ಡೋಲು. ಪಶ್ಚಿಮ ಆಫ್ರಿಕಾದ ಜಾಝ್ ಕೂಟಕ್ಕೂ ಕನ್ನಡ ನಾಡಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

‘ನಮ್ಮ ಯಲ್ಲಾಪುರದಾಗ ಸಿದ್ದಿ ಜನ ಇದಾರಲ್ಲ, ಅವರದೂ ಡೋಲಿನ ಕುಣಿತ ಐತಿ’ ಅಂತ ಅಜ್ಜಿ ನೆನಪು ಮಾಡಿದರು. ಹೌದು, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರು ಡಮಾಮಿ ಬಾರಿಸಿ ಕುಣಿಯುತ್ತಾರೆ. ಆದರೆ ಅವರ ಪೂರ್ವಿಕರು ಬಹುಪಾಲು ಪೂರ್ವ ಆಫ್ರಿಕಾದಿಂದ, ಗೋವೆಯ ಪೋರ್ಚುಗೀಸರ ಹಡಗಿನಲ್ಲಿ ಬಂದವರು. ಘಾನಾ ಇರುವುದು ಆ ಖಂಡದ ಇನ್ನೊಂದು ತುದಿಗೆ. ಆಫ್ರಿಕಾ ಅಂದರೆ ಒಂದೇ ಊರಲ್ಲ ಅನ್ನುವುದು ನಮ್ಮವರ ಬಾಯಲ್ಲಿ ಸ್ಪಷ್ಟವಾಗಿ ಬರಬೇಕು. ಗದಗನ್ನು ಗುವಾಹಟಿ ಅಂದರೆ ನಾವು ಸುಮ್ಮನಿರುತ್ತೇವೆಯೇ?

ಸ್ಯಾಕ್ಸೊಫೋನ್ ಅಂದ ಮೇಲೆ ಕದ್ರಿ ಗೋಪಾಲನಾಥರನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದವರು, ನಾಗಸ್ವರದ ಮನೆತನ. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನು ಕೇಳಿದರು, ಅದೇ ತನ್ನ ವಾದ್ಯ ಅಂದುಕೊಂಡರು. ಮತ್ತೆ ನೋಡಿ, ಬ್ಯಾಂಡು! ಕೇಪ್ ಕೋಸ್ಟ್‌ನಲ್ಲಿ ಆದದ್ದೇ ಮೈಸೂರಿನಲ್ಲೂ ಆಯಿತು. ಗಮಕ ಬರಲೆಂದು ವಾದ್ಯವನ್ನೇ ಮಾರ್ಪಡಿಸಿಕೊಂಡರು, ವರ್ಷಗಟ್ಟಲೆ ಗುದ್ದಾಡಿದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ, ನಾನೂ ನಿಮ್ಮ ಜೊತೆ ವೇದಿಕೆಗೆ ಬರಲೇ ಅಂತ ಕೇಳಿ ಬಂದು ನುಡಿಸಿದರು. 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ಮಿನಲ್ಲಿ ಗೋಪಾಲನಾಥರ ಜೊತೆಯಾದವರು ರುದ್ರೇಶ್ ಮಹಾಂತಪ್ಪ, ಅಮೆರಿಕದಲ್ಲಿ ಬೆಳೆದ ಕನ್ನಡದ ಮನೆಯ ಹುಡುಗ, ಅವರದೂ ಸ್ಯಾಕ್ಸೊಫೋನು.

ಈ ಮಹಾಂತಪ್ಪ 2004ರಲ್ಲಿ ಒಂದು ಕೆಲಸ ಮಾಡಿದರು, ಕುಮಾಸಿಯ ಡೋಲಿನವರು ಕೇಳಿದ್ದರೆ ತಲೆದೂಗುತ್ತಿದ್ದರು. ಅಮೆರಿಕದಲ್ಲಿ ಭಾರತದ ಮೂಲದವರನ್ನು ‘ನೀವು ಇಂಡಿಯನ್ ಭಾಷೆ ಮಾತಾಡ್ತೀರಾ’ ಅಂತ ಕೇಳುವವರಿದ್ದಾರಲ್ಲ, ಅದೇ ಪ್ರಶ್ನೆಯನ್ನು ಬೇರೆ ಬೇರೆ ಭಾಷೆಯವರ ಮುಂದಿಟ್ಟು, ಅವರವರ ಮಾತಿನಲ್ಲಿ ಉತ್ತರ ಹೇಳಿಸಿ ಧ್ವನಿಮುದ್ರಿಸಿಕೊಂಡರು. ಆ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿ ಸಂಗೀತ ಕಟ್ಟಿದರು. ಆಲ್ಬಮ್ಮಿನ ಹೆಸರು ‘ಮದರ್ ಟಂಗ್’. ಅದರಲ್ಲಿ ಒಂದು ತುಣುಕಿನ ಹೆಸರೇ ‘ಕನ್ನಡ’. ಹಾಡಲ್ಲ, ಸಾಹಿತ್ಯವಿಲ್ಲ, ಬರೀ ನಮ್ಮ ಮಾತಿನ ಏರು ತಗ್ಗು ಸ್ಯಾಕ್ಸೊಫೋನಿನಲ್ಲಿ. ಗದಗಿನ ರಾಗವೋ ಮೈಸೂರಿನದೋ ಅಂತ ಅಜ್ಜಿಯ ಪ್ರಶ್ನೆ. ಕೇಳಿಸಿಯೇ ತೀರ್ಮಾನ ಮಾಡಬೇಕು ಅಂದಿದ್ದೇನೆ.

ನನಗೆ ಒಸಿಬಿಸಾ ಯಾಕೆ ಇಷ್ಟೊಂದು ಹತ್ತಿರ ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ಫ್ಯೂಷನ್ ಅಂದರೆ ಎಲ್ಲವನ್ನೂ ಮಿಕ್ಸಿಗೆ ಹಾಕುವುದು ಅಂತ ನಂಬಿದವರ ಕಛೇರಿಗಳನ್ನು ಪುಣೆಯಲ್ಲಿ ಸಾಕಷ್ಟು ಕೇಳಿದ್ದೇನೆ. ಒಂದು ಸಿತಾರು, ಒಂದು ಗಿಟಾರು, ಒಂದು ಜೆಂಬೆ. ಯಾರ ಮಾತೂ ಯಾರಿಗೂ ತಿಳಿಯುತ್ತಿಲ್ಲ ಅನ್ನುವುದು ಐದು ನಿಮಿಷಕ್ಕೆ ಗೊತ್ತಾಗುತ್ತದೆ. ಒಸಿಬಿಸಾದವರು ಎಲೆಕ್ಟ್ರಿಕ್ ಗಿಟಾರು ಹಿಡಿದರೂ ಕುಮಾಸಿಯ ಮಾತು ಬಿಡಲಿಲ್ಲ. ಅವರ ಗಿಟಾರು ಟ್ವಿ ಮಾತಾಡಿತು. ಪುಣೆಯಲ್ಲೇ ಇದ್ದ ಭೀಮಸೇನ ಜೋಶಿಯವರನ್ನು ನೆನೆಯಿರಿ. ಗದಗಿನಿಂದ ಹುಡುಗನಾಗಿ ಓಡಿಹೋಗಿ ಊರೂರು ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತು, ಈ ಊರಲ್ಲಿ ನೆಲೆಸಿದರು. ಗುರುವಿನ ಹೆಸರಲ್ಲಿ 1953ರಿಂದ ನಡೆಯುತ್ತಿರುವ ಉತ್ಸವ ಇಂದು ಪುಣೆಯ ಡಿಸೆಂಬರಿನ ಹಬ್ಬ. ಅಭಂಗ ಹಾಡಿದಾಗ ಮರಾಠಿಗರು ಅವರನ್ನು ತಮ್ಮವರೆಂದರು, ದಾಸರ ಪದ ಹಾಡಿದಾಗ ನಾವು ನಮ್ಮವರೆಂದೆವು. ಎರಡೂ ನಿಜ. ಅವರ ಮರಾಠಿಯೊಳಗೆ ಗದಗಿನ ಗಂಟಲು ಇತ್ತು, ಅದನ್ನು ಅವರು ಒರೆಸಿಹಾಕಲಿಲ್ಲ. ಮುಂಬೈಯ ತೌಫೀಕ್ ಖುರೇಷಿ ಜೆಂಬೆಯ ಮೇಲೆ ತಬಲಾದ ಬೋಲು ನುಡಿಸುತ್ತಾರಲ್ಲ, ಅದು ನನಗೆ ಹಿಡಿಸುವುದೂ ಇದಕ್ಕೇ. ಪಶ್ಚಿಮ ಆಫ್ರಿಕಾದ ವಾದ್ಯಕ್ಕೆ ತಮ್ಮ ತಂದೆ, ತಬಲಾದ ಅಲ್ಲಾ ರಖಾ ಅವರ ಮನೆಯ ಮಾತು ಕಲಿಸಿದ್ದಾರೆ.

ಒಸಿಬಿಸಾ ಬರೀ ಖುಷಿಯ ಸಂಗೀತ, ಅದರಲ್ಲಿ ಸಿಟ್ಟಿಲ್ಲ, ನೈಜೀರಿಯಾದ ಸಂಗೀತಗಾರ ಫೆಲಾ ಕುಟಿಯ ಹಾಗೆ ಅಲ್ಲ ಅನ್ನುವವರು ಇದ್ದಾರೆ. ಫೆಲಾ ದೊಡ್ಡವರು, ಅನುಮಾನವಿಲ್ಲ. 1977ರಲ್ಲಿ ಸೈನಿಕರು ಲಾಗೋಸಿನ ಅವರ ಮನೆ ಸುಟ್ಟರು, ಅವರ ತಾಯಿ ಆ ದಾಳಿಯ ಗಾಯದಿಂದ ಮರುವರ್ಷ ತೀರಿಕೊಂಡರು. ಆ ಸಿಟ್ಟು ಅವರ ಹಕ್ಕು. ಆದರೆ ಎಪ್ಪತ್ತರ ಲಂಡನ್ನಿನಲ್ಲಿ ಕಪ್ಪು ಮೈಬಣ್ಣದ ಏಳು ಜನ ತಮ್ಮ ಹಳ್ಳಿಯ ಬೆಳಗಿನ ಹುಳುಗಳ ಸದ್ದಿನಿಂದ ತಟ್ಟೆ ಶುರು ಮಾಡಿ, ಬಿಳಿಯರನ್ನೂ ಕುಣಿಸುತ್ತ ನಾವು ಸಂತೋಷವಾಗಿದ್ದೇವೆ ಅಂದದ್ದು ಸಣ್ಣ ಧೈರ್ಯವೇ? ನನಗೆ ಹಾಗನ್ನಿಸುವುದಿಲ್ಲ. ಮನೆಯಿಂದ ದೂರ ಇರುವವರು ನಗುತ್ತ ಇರುವುದಕ್ಕೆ ಎಷ್ಟು ಬಲ ಬೇಕು ಅನ್ನುವುದು ದೂರ ಬಂದವರಿಗೆ ಗೊತ್ತು.

ಎಪ್ಪತ್ತರ ಕೊನೆಗೆ ಡಿಸ್ಕೋ ಬಂತು, ಪಂಕ್ ಬಂತು, ಬ್ರಿಟನ್ನಿನ ಕಿವಿ ಬೇರೆ ಕಡೆ ತಿರುಗಿತು. ಒಸಿಬಿಸಾ ಊರೂರು ತಿರುಗುತ್ತ ನುಡಿಸುವುದನ್ನು ಬಿಡಲಿಲ್ಲ. 1981ರಲ್ಲಿ ಭಾರತಕ್ಕೂ ಬಂದರು, ಆ ಪ್ರವಾಸದ ನೇರ ಕಛೇರಿಗಳೂ ಆಲ್ಬಂ ಆಗಿ ಬಂದವು. ನಮ್ಮ ಪೀಳಿಗೆಯ ಎಷ್ಟೋ ಮನೆಗಳಿಗೆ ಅವರ ಕ್ಯಾಸೆಟ್ಟು ಸೇರಿದ್ದು ಆ ಕಾಲದಲ್ಲೇ. ಮ್ಯಾಕ್ ಟೊಂಟೊ 2010ರಲ್ಲಿ ತೀರಿಕೊಂಡರು. ಟೆಡ್ಡಿ ಒಸೇ 2025ರ ಜನವರಿಯಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ. ಸುದ್ದಿ ಓದಿದ ರಾತ್ರಿ ಹಾಸ್ಟೆಲ್ಲಿನ ಆ ಗೆಳೆಯ ನೆನಪಾದ, ಈಗ ಎಲ್ಲಿದ್ದಾನೋ. ಒಂದು ತಟ್ಟೆ ತಿರುವಿ ಚಮಚದಿಂದ ಏಳು ಪೆಟ್ಟು ಬಾರಿಸಿದೆ.

ಇಷ್ಟೆಲ್ಲ ಮಾತು ಮುಗಿಯುವ ಹೊತ್ತಿಗೆ ರಟ್ಟು ಆರಿತ್ತು. ತಟ್ಟೆ ಒಳಗೆ ತಂದು ಹಾಕಿ ಕಿಟಕಿ ತೆರೆದಿಟ್ಟೆ, ಅಜ್ಜಿಗೆ ಕೇಳಲೆಂದು. ಕಾಡಿನ ಹುಳುಗಳ ಸದ್ದಿಗೆ ನಮ್ಮ ಹಿತ್ತಲಿನ ಜೀರುಂಡೆಯ ಸದ್ದೂ ಸೇರಿತು. ನದಿಯ ಕಡೆ ಪಥಕದವರು ಹತ್ತು ಗಂಟೆಗೆ ನಿಲ್ಲಿಸುವವರೆಗೂ ಅಜ್ಜಿ ಅಲ್ಲೇ ನಿಂತಿದ್ದರು, ಡಬ್ಬಿಯ ಮೇಲೆ ಬೆರಳಾಡಿಸುತ್ತ. ಐದು ಮತ್ತು ಆರರ ಎರಡು ಪೆಟ್ಟು ಒತ್ತಿಗೆ ಬರಬೇಕು, ಅಲ್ಲಿ ಮೊದಮೊದಲು ತಪ್ಪುತ್ತಿತ್ತು. ಆಮೇಲೆ ಬಂತು.

‘ಆ ಎರಡನೇ ತಟ್ಟಿ ಅಂದ್ರಲ್ಲ, ವೊಯಾಯಾ, ಹಂಗಂದ್ರೇನು?’

ಅಮಾರ್ಫಿಯೋ ಅವರ ಗಾ ಭಾಷೆಯ ಮಾತು, ‘ನಾವು ಹೊರಟಿದ್ದೇವೆ’ ಅಂತ ಅರ್ಥ ಅಂದೆ.

‘ಹೋಗ್ತೀವಿ ಅನಬಾರದ್ರೀ, ಬರ್ತೀವಿ ಅನಬೇಕು’ ಅಂದರು. ಡಬ್ಬಿ ತೆಗೆದುಕೊಂಡರು. ‘ಬರ್ತೀನ್ರೀ ಹಂಗಾರ. ನಾಳಿ ಅದನ್ನ ಹಚ್ರಿ.’